ಗಂಗಮ್ಮನ ಸೆರಗಿನಲ್ಲಿ ಫ್ಯೂಸು

"ಮುಷ್ತಾಕಣ್ಣನ ಕೈ ಮಿಷಿನ್ನಿಂದ ಈಚೆಗೆ ಬರೋಗಂಟ ಕೊಡಲ್ಲ ಬುಡಿ ಯಜಮಾನ್ರೇ!"

ತಿಪಟೂರಿನ ನಮ್ಮ ಕೊಬ್ಬರಿ ಪುಡಿ ಕಾರ್ಖಾನೆಯ ಕೆಲಸದ ಗಂಗಮ್ಮ ನನ್ನನ್ನೇ ಹೀಗೆ ಗದರಿದರು. ತುರಿ ಒಣಗಿಸುವ ಯಂತ್ರ ನಿಂತು, ಒಳಗಿದ್ದ ಹಸಿ ತುರಿ ಹಳಸುವುದರಲ್ಲಿತ್ತು. ರಿಪೇರಿಗೆ ಬಂದ ಮುಷ್ತಾಕ್ ಮೊದಲು ಫ್ಯೂಸುಗಳನ್ನು ಕಿತ್ತು, ಗಂಗಮ್ಮನ ಸೆರಗಿಗೆ ಗಂಟು ಹಾಕಿಸಿ, ಆಮೇಲಷ್ಟೇ ಕಂಟ್ರೋಲ್ ಪೆಟ್ಟಿಗೆ ತೆರೆದಿದ್ದರು. ಹಲ್ಲಿ ಬಿದ್ದು ಸುಟ್ಟಿದ್ದ ಬೋರ್ಡ್ ತೆಗೆದು ಹೊಸದನ್ನು ಕೂರಿಸಿದ್ದು ಕಂಡದ್ದೇ ನಾನು ಅವಸರದಿಂದ ಫ್ಯೂಸು ಕೇಳಿದ್ದೆ. ಮುಷ್ತಾಕ್ ಇನ್ನೂ ಸ್ಕ್ರೂ ಬಿಗಿಯುತ್ತಿದ್ದರು.

ಕೊನೆಗೆ ಮುಷ್ತಾಕ್ ನಗುತ್ತಾ ಎರಡೂ ಕೈ ಎತ್ತಿ ತೋರಿಸಿದ ಮೇಲೆಯೇ ಗಂಗಮ್ಮ ಗಂಟು ಬಿಚ್ಚಿದ್ದು. ಯಂತ್ರ ಗುಂಯ್‌ಗುಟ್ಟಿತು, ಹೆಂಗಸರೆಲ್ಲ ಕೇಕೆ ಹಾಕಿದರು.

ಮೊನ್ನೆ ಅದೇ ಯಂತ್ರದ ಫ್ಯಾನ್ ಬಿಚ್ಚಲು ನಾನು ಸ್ಪ್ಯಾನರ್ ಎತ್ತಿಕೊಂಡೆ. ತಿರುಗಿ ನೋಡಿದರೆ, ಗಂಗಮ್ಮ ಆಗಲೇ ಫ್ಯೂಸಿಗಾಗಿ ಸೆರಗು ಒಡ್ಡಿ ನಿಂತಿದ್ದರು.