ನರಿಯ ತಟ್ಟೆ, ಅಮರಪ್ಪನ ಗ್ಲಾಸು

ಅನುಸೂಯಾ ಟೀಚರ್ ಹುಲಿಹೈದರದ ಕಡೆಯವರು. ತಾಯಿ ಪಕ್ಕೀರವ್ವ ಗಂಗಾವತಿ ಕಡೆ ಭತ್ತದ ನಾಟಿಗೆ ಕೂಲಿ ಹೋಗಿ ಮಗಳನ್ನು ಓದಿಸಿದರು. ಮೂರನೇ ತರಗತಿಯಲ್ಲಿದ್ದಾಗ ಆಗಸ್ಟ್ ಹದಿನೈದರಂದು ಶಾಲೆಯಲ್ಲಿ ಬೂಂದಿ ಹಂಚಿದರು. ಇವರ ದಲಿತ ಕೇರಿಯ ಮಕ್ಕಳಿಗೆ ಮಾತ್ರ ಕೈ ತಾಗದ ಹಾಗೆ ಮೇಲಿನಿಂದ ಬಿಟ್ಟರು. ಅರ್ಧ ಮಣ್ಣಿಗೆ ಬಿತ್ತು. ಅನುಸೂಯಾ ಅದನ್ನು ಆರಿಸಿಕೊಂಡು ತಿಂದರು. ಹಾಗೆ ಬಿಟ್ಟವರ ಮೇಲೆ ಎಷ್ಟು ಸಿಟ್ಟಿದೆಯೋ ಆರಿಸಿ ತಿಂದ ತಮ್ಮ ಮೇಲೂ ಅಷ್ಟೇ ಸಿಟ್ಟು ಅವರಿಗೆ ಇಂದಿಗೂ ಇದೆ.

ಮೂವತ್ತೆಂಟರ ವಯಸ್ಸಿನಲ್ಲಿ, ಹನುಮಸಾಗರದಿಂದ ಒಳಗಿರುವ ಒಂದು ಹಳ್ಳಿಯಲ್ಲಿ ಏಳನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಅಸ್ಪೃಶ್ಯತೆ ಆಚರಿಸುವುದು ಅಪರಾಧ ಎಂದು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. ಒಪ್ಪಿಸಿದ ಬಳಿಕ ಊಟಕ್ಕೆ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರು. ಅದನ್ನು ಕಂಡು ಟೀಚರ್ ಪುಸ್ತಕ ಮುಚ್ಚಿಟ್ಟು, ಅಜ್ಜಿಯರು ಹೇಳುವ ಕಥೆ ಹಿಡಿದರು. ನರಿ ಕೊಕ್ಕರೆಯನ್ನು ಊಟಕ್ಕೆ ಕರೆದು ಅಗಲ ತಟ್ಟೆಯಲ್ಲಿ ಪಾಯಸ ಬಡಿಸಿತು. ಕೊಕ್ಕು ಎಷ್ಟು ಬಡಿದರೂ ಕೊಕ್ಕರೆಗೆ ಒಂದು ಗುಟುಕೂ ಸಿಗಲಿಲ್ಲ.

ಅಲ್ಲಿಗೆ ಕಥೆ ನಿಲ್ಲಿಸಿ ಕೇಳಿದರು. "ನರಿ ಊಟಕ್ಕ ಕರ್ದೈತಿ, ಬಡಿಸೇತಿ. ಮತ್ತ ತಪ್ಪೇನೈತಿ?"

ಆ ಊರಿನ ದಲಿತ ಕೇರಿಯ ಹುಚ್ಚೀರಪ್ಪನ ಮಗಳು ಗೀತಾ ಎದ್ದು ನಿಂತಳು. "ಅಕ್ಕೋರ, ಅಮರಪ್ಪನ ಹೋಟೆಲ್ನಾಗೂ ಹಂಗ ಐತ್ರಿ. ಎಲ್ಲಾರಿಗೂ ಗ್ಲಾಸಿನ್ಯಾಗ ಚಾ ಕೊಡ್ತಾರ, ನಮ್ಮಪ್ಪಗ ಪ್ಲಾಸ್ಟಿಕ್ ಕಪ್ಪು. ಹೊರಗ ಕಲ್ಲಿನ ಮ್ಯಾಲ ಕುಂತು ಕುಡಿಬೇಕು."

ಅಮರಪ್ಪನ ಮಗಳು ಶಿವಲೀಲಾ ಎರಡನೇ ಬೆಂಚಿನಲ್ಲಿದ್ದಳು. ಅವಳು ತಲೆ ತಗ್ಗಿಸಿದಳು. ಸಂಜೆ ಮನೆಗೆ ಹೋಗಿ ತಂದೆಯನ್ನೇ ಕೇಳಿದಳು: "ಅಪ್ಪಾ, ನೀ ನರಿ ಏನು?"

ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಅಮರಪ್ಪ ಶಾಲೆಗೆ ಬಂದ. ಶಾಲಾ ಸಮಿತಿಯ ಸದಸ್ಯನೂ ಅವನೇ.

"ಕಥಿ ಹೇಳ್ರಿ, ಬ್ಯಾಡ ಅನ್ನಂಗಿಲ್ಲ. ನರಿ ಕಥಿ ಅಡವ್ಯಾಗ ಇರ್ಲಿ. ನನ್ನ ಹೋಟೆಲ್ ತನಕ ಯಾಕ ತಂದ್ರಿ? ತಪ್ಪಾತು ಅನ್ರಿ, ಮುಗಿಸೋಣ."

ಮುಖ್ಯೋಪಾಧ್ಯಾಯ ಪ್ರಭುರಾಜ ಸರ್ ಮೆಲ್ಲಗೆ, "ಅಂದುಬಿಡ್ರಿ ಮೇಡಂ, ಒಂದು ಮಾತಿಂದೇನು" ಎಂದರು.

ಟೀಚರ್ ಬಿಳಿ ಹಾಳೆ, ಪೆನ್ನು ತಂದು ಅಮರಪ್ಪನ ಮುಂದಿಟ್ಟರು. "ದೂರು ಬರ್ಕೊಡ್ರಿ. 'ನಾ ಕೇರಿಯವ್ರಿಗೆ ಬ್ಯಾರೆ ಕಪ್ಪು ಇಟ್ಟೀನಿ, ಅದರ ಮಾತು ಈ ಟೀಚರ್ ಕ್ಲಾಸಿನ್ಯಾಗ ಬಂದೈತಿ' ಅಂತ ಬರೀರಿ. ನಾ ಕೆಳಗ ಸಹಿ ಮಾಡ್ತೀನಿ."

ಅಮರಪ್ಪ ಪೆನ್ನು ಮುಟ್ಟಲಿಲ್ಲ. "ಹಂಗೆಲ್ಲಾ ಬರಿಯಾಕ ಬರಂಗಿಲ್ರಿ."

"ಬರಿಯಾಕ ನಾಚಿಕಿ, ಮಾಡಾಕ ಇಲ್ಲೇನ್ರಿ?"

ಅವನು ಏನೂ ಬರೆಯದೆ ಎದ್ದು ಹೋದ. ಟೀಚರ್ ಅಂದೇ ಹುಚ್ಚೀರಪ್ಪನ ಮನೆಗೆ ಹೋಗಿ, ಠಾಣೆಗೆ ದೂರು ಕೊಡೋಣ ಎಂದರು. ಅವನು ಕೈಮುಗಿದ. "ಬ್ಯಾಡ್ರಿ ಅಕ್ಕೋರ. ನಾಳಿ ದುಡಿಯಾಕ ಊರವರ ಹೊಲಕ್ಕ ಹೋಗಬೇಕು ನಾವು."

ಬರೆಯದ ದೂರಿಗೂ ಹದಿನೈದೇ ದಿನದಲ್ಲಿ ಉತ್ತರ ಬಂತು. ಆಡಳಿತದ ಹಿತದೃಷ್ಟಿಯಿಂದ ಅನುಸೂಯಾ ಅವರನ್ನು ಹಿಟ್ನಾಳದ ಆಚೆಯ ಶಾಲೆಗೆ ನಿಯೋಜಿಸಲಾಗಿದೆ ಎಂದಿತ್ತು ಆದೇಶ. ಯಾರ ಹಿತ ಎಂದು ಕಚೇರಿಗೆ ಹೋಗಿ ಕೇಳಿದರು. ಗುಮಾಸ್ತರು ಆದೇಶದ ಪ್ರತಿಗೆ ಸಹಿ ಹಾಕಿಸಿಕೊಂಡು ಕಳಿಸಿದರು.

ಊರು ಬಿಡುವ ದಿನ ಟೀಚರ್ ನೇರ ಹೋಟೆಲ್ಲಿಗೆ ನಡೆದರು. ಅಮರಪ್ಪ ಗ್ಲಾಸುಗಳನ್ನೆಲ್ಲ ಎತ್ತಿಟ್ಟು ಎಲ್ಲರಿಗೂ ಕಾಗದದ ಕಪ್ಪು ಕೊಡುತ್ತಿದ್ದ.

"ನೋಡ್ರಿ, ಈಗ ಎಲ್ಲಾರೂ ಒಂದ. ಸಮಾಧಾನ ಆತಿಲ್ಲೋ?"

"ಗ್ಲಾಸು ತೊಳಿಯೋದು ಉಳೀತು ನಿಮಗ, ಅಷ್ಟ. ಹುಚ್ಚೀರಪ್ಪಣ್ಣ ಇನ್ನೂ ಕಲ್ಲಿನ ಮ್ಯಾಲ ಯಾಕ ಕುಂತಾನ?"

ಟೀಚರ್ ಬೆಂಚಿನ ಮೇಲೆ ಕೂತು, ಪಕ್ಕದ ಜಾಗ ತೋರಿಸಿ ಕರೆದರು. "ಅಣ್ಣಾರ, ಒಳಗ ಬರ್ರಿ."

ಹುಚ್ಚೀರಪ್ಪ ಒಳಗೆ ಕೂತವರನ್ನೊಮ್ಮೆ, ಅಮರಪ್ಪನನ್ನೊಮ್ಮೆ ನೋಡಿದ. ಕೊನೆಗೆ ಚಪ್ಪಲಿ ಹೊರಗೆ ಬಿಟ್ಟು ಬಂದು ಬೆಂಚಿನ ತುದಿಗೆ ಕೂತ. ಎದುರಿಗಿದ್ದ ಇಬ್ಬರು ಅರ್ಧ ಕುಡಿದ ಚಹಾ ಬಿಟ್ಟು ಎದ್ದರು. ತಪ್ಪು ತನ್ನದೇ ಎಂಬಂತೆ ಹುಚ್ಚೀರಪ್ಪ ಕುಗ್ಗಿಹೋದ. ಟೀಚರ್ ಅವನ ಕಡೆ ತಿರುಗಿದರು.

"ತಲಿ ಎತ್ರಿ ಅಣ್ಣಾರ. ನಾಚಿಕಿ ಪಡಬೇಕಾದೋರು ಎದ್ದು ಹೊಂಟಾರ."

ಸೋಮವಾರ ಅವರು ಹೊಸ ಶಾಲೆಗೆ ಹಾಜರಾದರು. ಹುಚ್ಚೀರಪ್ಪ ಈಗ ಒಳಗೇ ಕೂತು ಚಹಾ ಕುಡಿಯುತ್ತಾನೆ. ಅವನು ಕೂತ ಕೂಡಲೇ ಎದ್ದು ಹೋಗುವವರು ಇಂದಿಗೂ ಇದ್ದಾರೆ.