ಇನ್ನೂರ ಹನ್ನೆರಡು ಗೆರೆ ಬಿದ್ದ ಮೂಲೆ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಹೆಂಗಸೊಬ್ಬರು ಗಾಲಿಕುರ್ಚಿ ತಳ್ಳಿಕೊಂಡು ಫುಟ್‌ಪಾತಿನ ಮೇಲೆ ಬರುತ್ತಿದ್ದಾರೆ. ಕುರ್ಚಿಯಲ್ಲಿ ಮನುಷ್ಯರಿಲ್ಲ, ಅಂಚಿನವರೆಗೂ ನೀರು ತುಂಬಿದ ಒಂದು ಸ್ಟೀಲ್ ಲೋಟವಿದೆ. ನೀರು ತುಳುಕಿದಲ್ಲೆಲ್ಲ ಅವರು ನಿಂತು, ಬಗ್ಗಿ, ಸೀಮೆಸುಣ್ಣದಿಂದ ಚಪ್ಪಡಿಯ ಮೇಲೆ ಗುರುತು ಹಾಕುತ್ತಾರೆ. ಬೆಳಗಿನ ಓಟಕ್ಕೆ ಬಂದವರೊಬ್ಬರು ಇವರನ್ನು ನೋಡಿ ಮೆಲ್ಲಗೆ ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ.

"ಹುಚ್ಚಿ ಅನ್ಕೋತಾರೆ. ಅನ್ಕೊಳ್ಲಿ ಬಿಡಿ. ನನ್ನ ಕಾಲಿಗೆ ಹಳ್ಳ ದಿಣ್ಣೆ ಎಲ್ಲಾ ಅಭ್ಯಾಸ ಆಗ್ಬಿಟ್ಟಿದೆ, ಅದು ಸುಳ್ಳು ಹೇಳುತ್ತೆ. ಲೋಟ ಸುಳ್ಳು ಹೇಳಲ್ಲ," ಎನ್ನುತ್ತಾರೆ ಅವರು.

ಇವರು ನಗರದ ಫುಟ್‌ಪಾತುಗಳನ್ನು ದುರಸ್ತಿ ಮಾಡುವ ಗಾರೆ ಕೆಲಸದವರು. ನೆಲ ಸಮವಾಗಿದೆಯೇ ಎಂದು ನೋಡುವ ರಸಮಟ್ಟ ಕಂಕುಳಲ್ಲಿಲ್ಲದೆ ಇವರನ್ನು ಕಂಡವರಿಲ್ಲ, ಹಾಗಾಗಿ ಜೊತೆಗಾರರಿಗೆಲ್ಲ ಇವರು ಮಟ್ಟದಕ್ಕ. ವಯಸ್ಸು ನಲವತ್ತಾರು, ಹನ್ನೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆದು ಇಪ್ಪತ್ತಕ್ಕೂ ಹೆಚ್ಚು ಚಪ್ಪಡಿ ಎತ್ತಿ ಕೂರಿಸುತ್ತಾರೆ. ಒಂದೊಂದೂ ಮೂವತ್ತು ಕಿಲೋ. ಒಳ್ಳೆಯ ನಗರ ಎಂದರೆ ಯಾವುದು ಎಂಬ ಚರ್ಚೆಗಳಲ್ಲಿ ನಾನೂ ಕೂತು ಬಂದಿದ್ದೇನೆ. ಮೇಲ್ಸೇತುವೆ, ಗಾಜಿನ ಕಟ್ಟಡ, ಬಣ್ಣದ ಕಾರಂಜಿ ಎಂದು ಅಲ್ಲಿ ಬಾಯಿ ನೋಯುವಷ್ಟು ಮಾತು. ಅಲುಗಾಡುವ ಚಪ್ಪಡಿಯ ಸುದ್ದಿ ಕಾಲು ಉಳುಕಿದವರಿಗೆ ಮಾತ್ರ ಗೊತ್ತು.

ಮೊದಲು ಮಟ್ಟದಕ್ಕ ಮನೆಗಳ ನೆಲ ಮಾಡುತ್ತಿದ್ದರು. ಆ ಕೈಯ ಹೆಮ್ಮೆಯೇ ಒಮ್ಮೆ ಮುಳುವಾಯಿತು. ಫುಟ್‌ಪಾತಿನಿಂದ ರಸ್ತೆಗಿಳಿಯುವ ತಮ್ಮ ಮೊದಲ ಇಳಿಜಾರನ್ನು ಮುಖ ಕಾಣುವಷ್ಟು ನುಣುಪಾಗಿ ಉಜ್ಜಿದರು. ನೋಡಿದವರೆಲ್ಲ ಭೇಷ್ ಎಂದರು. ವಾರದೊಳಗೆ ಒಂದು ತುಂತುರು ಮಳೆಗೆ ಪೇಪರ್ ಹಂಚುವವರೊಬ್ಬರು ಅದರ ಮೇಲೆ ಜಾರಿ ಮೊಣಕೈ ಮುರಿದುಕೊಂಡರು. ಅಂದೇ ಮಟ್ಟದಕ್ಕ ಸುತ್ತಿಗೆ ಹಿಡಿದು ತಮ್ಮ ಕೆಲಸವನ್ನು ತಾವೇ ಒಡೆದು ಹಾಕಿದರು. "ನೆಲಕ್ಕೆ ನುಣುಪು ಚೆಂದ, ದಾರಿಗೆ ಒರಟೇ ಚೆಂದ. ಒಬ್ರ ಕೈ ಮುರಿದ ಮೇಲೆ ಬುದ್ಧಿ ಬಂತು ನೋಡಿ." ಈಗ ಕಾಂಕ್ರೀಟ್ ಹಸಿಯಿರುವಾಗಲೇ ಅದರ ಮೇಲೆ ಕಡ್ಡಿಪೊರಕೆ ಎಳೆದು ಗೀರು ಮೂಡಿಸುತ್ತಾರೆ.

ಗಾಲಿಕುರ್ಚಿ ಅವರ ಅತ್ತೆಯದು. ನಾಲ್ಕು ವರ್ಷದ ಹಿಂದೆ ಅತ್ತೆ ಸೊಂಟ ಮುರಿದುಕೊಂಡರು. ಕುರ್ಚಿ ಬಂದ ದಿನವೇ ತಮ್ಮ ಅಕ್ಕನನ್ನು ನೋಡಲು ಹೊರಟರು. ಬೀದಿ ಕೊನೆಯ ಮೂಲೆಯಲ್ಲಿ ರಸ್ತೆ ದಾಟಿದರೆ ಎದುರಿಗೇ ಅಕ್ಕನ ಮನೆ. ಆದರೆ ಆ ಮೂಲೆಯಲ್ಲಿ ಫುಟ್‌ಪಾತಿಗೆ ಗೇಣೆತ್ತರದ ಅಂಚುಗಲ್ಲು. ಮುಂದಿನ ಗಾಲಿ ಅಲ್ಲಿಂದ ದೊಪ್ಪನೆ ಇಳಿದು, ಅತ್ತೆ ಎಲ್ಲರೆದುರು ಬೀದಿಯಲ್ಲಿ ಮಗುಚಿ ಬಿದ್ದರು. ಪೆಟ್ಟಿಗಿಂತ ಅವಮಾನ ದೊಡ್ಡದಾಯಿತು. ಅಂದಿನಿಂದ ಅವರು ಹೊಸ್ತಿಲು ದಾಟಿಲ್ಲ. ಅಕ್ಕನಿಗೋ ಎಂಬತ್ತೆರಡು, ಮಂಡಿ ನೋವಿನಲ್ಲಿ ತಮ್ಮ ಬಾಗಿಲವರೆಗೆ ಬಂದರೆ ಹೆಚ್ಚು. ನೂರು ಹೆಜ್ಜೆ ದೂರದಲ್ಲಿರುವ ಅಕ್ಕತಂಗಿಯರು ನಾಲ್ಕು ವರ್ಷ ಫೋನಿನಲ್ಲೇ ಜಗಳವಾಡಿಕೊಂಡಿದ್ದಾರೆ.

"ಊರ ದಾರಿಯೆಲ್ಲಾ ಸರಿಮಾಡ್ತೀಯ, ಮನೆ ಮುಂದಿಂದು ಬಿಟ್ಟು. ದೀಪದ ಬುಡದಲ್ಲಿ ಕತ್ತಲು ಅಂದ್ರೆ ಇದೇ," ಎಂದು ಅತ್ತೆ ಕುಟುಕುತ್ತಿದ್ದರಂತೆ. ಸೊಸೆಯ ಕೈಯಲ್ಲೇನಿತ್ತು? ಚಪ್ಪಡಿ ಕೂರಿಸಬಹುದು, ಅಂಚುಗಲ್ಲು ಒಡೆಯಲು ಪಾಲಿಕೆಯ ಇಂಜಿನಿಯರ್ ಒಪ್ಪಬೇಕು. ಎರಡು ಸಲ ಅರ್ಜಿ ಕೊಟ್ಟರು. ಎರಡು ಸಲವೂ ಒಂದೇ ಉತ್ತರ: ಒಬ್ಬರಿಗೋಸ್ಕರ ರಸ್ತೆ ಒಡೆಯಲಾಗದು.

ಮಟ್ಟದಕ್ಕ ಜಗಳಕ್ಕೆ ಹೋಗಲಿಲ್ಲ. ಕಳೆದ ತಿಂಗಳು ಒಂದು ದಿನ ರಜೆ ಹಾಕಿ, ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಆ ಮೂಲೆಯಲ್ಲಿ ಕೂತರು. ಅಂಚುಗಲ್ಲಿನ ಮುಂದೆ ತಡವರಿಸಿದ ಒಬ್ಬೊಬ್ಬರಿಗೂ ನೆಲದ ಮೇಲೆ ಒಂದೊಂದು ಗೆರೆ ಎಳೆದರು. ಕೋಲೂರಿದವರು, ಮಗುವಿನ ಗಾಡಿ ತಳ್ಳುವ ತಾಯಂದಿರು, ಸಾಮಾನು ಸಾಗಿಸುವವರು, ಒಬ್ಬರು ತುಂಬು ಗರ್ಭಿಣಿ. ಸಂಜೆಗೆ ಇನ್ನೂರ ಹನ್ನೆರಡು ಗೆರೆ. ಮರುದಿನ ಇಂಜಿನಿಯರನ್ನೇ ಕರೆತಂದು ನಿಲ್ಲಿಸಿದರು.

"ಸಾರ್, ಇದರಲ್ಲಿ ಆ ಒಬ್ರು ಯಾರು, ನೀವೇ ತೋರ್ಸಿ ಅಂದೆ," ಎಂದು ಮಟ್ಟದಕ್ಕ ನಗುತ್ತಾರೆ. ಇಂಜಿನಿಯರ್ ಎಣಿಸತೊಡಗಿದರಂತೆ. ಅರ್ಧಕ್ಕೆ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಎಣಿಸುವ ಗೋಜಿಗೆ ಹೋಗದೆ, ಸಿಮೆಂಟ್ ಎಷ್ಟು ಮೂಟೆ ಬೇಕು ಎಂದು ಕೇಳಿದರಂತೆ. ನನಗೆ ಆ ಇಂಜಿನಿಯರ್ ಮೇಲೂ ಸ್ವಲ್ಪ ಪ್ರೀತಿ ಹುಟ್ಟಿತು.

ರಸ್ತೆಯ ಎರಡೂ ಬದಿಗೆ ಇಳಿಜಾರು ಹಾಕಿ ಇಂದಿಗೆ ಹತ್ತು ದಿನ. ಕಾಂಕ್ರೀಟ್ ನೀರು ಕುಡಿದು ಗಟ್ಟಿಯಾಗಿದೆ. ಬೆಳಿಗ್ಗೆ ಲೋಟ ಹೋದ ದಾರಿಯಲ್ಲೇ ಒಂಬತ್ತು ಗಂಟೆಗೆ ಅತ್ತೆ ಹೊರಡುತ್ತಾರೆ. ಒಪ್ಪಿಸಲು ಮೂರು ದಿನ ಹಿಡಿಯಿತು. ಕುರ್ಚಿಯ ಕೈಗಳನ್ನು ಬೆರಳು ಬಿಳಚುವಷ್ಟು ಬಿಗಿಯಾಗಿ ಹಿಡಿದಿದ್ದಾರೆ, ಕಣ್ಣು ನೆಲ ಬಿಟ್ಟು ಏಳುತ್ತಿಲ್ಲ.

"ಬೀಳ್ಸಿದ್ರೆ ನೋಡು."

"ಬೀಳ್ಸಲ್ಲ ಅತ್ತೆ."

ಪಕ್ಕದಲ್ಲಿ ನಡೆಯುತ್ತ, ಇದಾದ ಮೇಲೆ ಏನಾಸೆ ಎಂದು ಮಟ್ಟದಕ್ಕನನ್ನು ಕೇಳುತ್ತೇನೆ. "ಆಸೆ ಏನು ಬಂತು, ಕೆಲಸ ಇದೆ. ನಮ್ಮ ವಾರ್ಡಲ್ಲೇ ಇನ್ನೂ ಅರವತ್ತು ಮೂಲೆ ಹೀಗೇ ಇವೆ. ಒಂದನ್ನೂ ಬಿಡಲ್ಲ. ಜನ ನೆಲ ನೋಡ್ಕೊಂಡು ನಡೀಬಾರದು ಸಾರ್. ಮುಖ ನೋಡ್ಕೊಂಡು, ಹರಟೆ ಹೊಡ್ಕೊಂಡು ಹೋಗ್ಬೇಕು."

ಮೂಲೆ ಹತ್ತಿರವಾಗುತ್ತದೆ. ಎದುರು ಮನೆಯ ಬಾಗಿಲಲ್ಲಿ, ಚೌಕಟ್ಟು ಹಿಡಿದು ಅತ್ತೆಯ ಅಕ್ಕ ನಿಂತಿದ್ದಾರೆ. ಕಂಡದ್ದೇ ತಡ, ಅತ್ತೆಯ ತಲೆ ಮೇಲೇಳುತ್ತದೆ.

"ಅಯ್ಯೋ ಅಕ್ಕ, ಎಷ್ಟ್ ಸೊರಗ್ಬಿಟ್ಟಿದೀಯೇ! ಫೋನಲ್ಲಿ ಮಾತ್ರ ಜೋರು!"

"ನಿನ್ನ ಕೂದ್ಲೆಲ್ಲಾ ಎಲ್ಲೇ ಹೋಯ್ತು?" ಎಂದು ಅಕ್ಕ ಅಲ್ಲಿಂದಲೇ ಕೂಗುತ್ತಾರೆ.

ಅತ್ತೆಯ ಕೈ ಕುರ್ಚಿ ಬಿಟ್ಟು ಗಾಳಿಯಲ್ಲಿ ಆಡತೊಡಗಿದೆ. ಒಂದಕ್ಕೆರಡು ಸೇರಿಸಿ ಉತ್ತರ ಕೊಡುತ್ತಿದ್ದಾರೆ. ನಡುರಸ್ತೆಯಲ್ಲಿ ತಟ್ಟನೆ ನೆನಪಾಗಿ ಸೊಸೆಯತ್ತ ತಿರುಗುತ್ತಾರೆ. "ಏ, ನಿಧಾನ! ಆ ಕಲ್ಲು ಬಂತಾ?"

"ಅದು ಆಗ್ಲೇ ಹಿಂದೆ ಹೋಯ್ತು ಅತ್ತೆ," ಎನ್ನುತ್ತಾರೆ ಮಟ್ಟದಕ್ಕ, ಕುರ್ಚಿ ನಿಲ್ಲಿಸದೆ.