ಹನ್ನೆರಡೂವರೆಗೆ ಏಳುವ ನೊಣ

ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು ನಾನು. ಐದಕ್ಕೆ ಏಳುವ, ಹನ್ನೆರಡೂವರೆಗೆ ಊಟ ಮಾಡುವ ಅಭ್ಯಾಸ ಐರ್ಲೆಂಡಿಗೂ ನನ್ನ ಜೊತೆ ಬಂತು. ಅಲ್ಲಿನ ಕ್ಲಾಂಡಾಲ್ಕಿನ್‌ನಲ್ಲಿರುವ ನನ್ನ ತಮ್ಮ ಸರ್ಜನ್ ಆಗಿದ್ದವನು. ಬಲಗೈ ನಡುಗಲು ಶುರುವಾದಾಗ ಆಸ್ಪತ್ರೆ ಬಿಟ್ಟ. ಅವನಿಗೆ ಉಳಿದದ್ದು ಬೆಟ್ಟದ ಹೊಳೆಯಲ್ಲಿ ಟ್ರೌಟ್ ಮೀನು ಹಿಡಿಯುವುದೊಂದೇ.

"ಈ ವಸಂತದಲ್ಲೂ ನನ್ನ ಕೈಲಿ ದಾರಕ್ಕೆ ನೊಣ ಕಟ್ಟೋಕಾಗ್ಲಿಲ್ಲ ಅಂದ್ರೆ ಗಾಳದ ಕೋಲನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ," ಎಂದು ನಾನು ಬಂದ ವಾರವೇ ಹೇಳಿದ.

ನೊಣ ಎಂದರೆ ನಿಜವಾದ ನೊಣವಲ್ಲ. ಅಕ್ಕಿಕಾಳಿನಷ್ಟು ಕೊಕ್ಕೆಗೆ ಗರಿ, ದಾರ ಸುತ್ತಿ ಹಾಕಿದ ಹುಳದ ವೇಷ. ಅವನ ಡಬ್ಬಿ ತೆರೆದು ಒಂದೊಂದನ್ನೂ ಭೂತಕನ್ನಡಿಯಲ್ಲಿ ನೋಡಿದೆ. ಇದು ಯಾವ ಹಕ್ಕಿಯ ಗರಿ, ಅದಕ್ಕೆ ಬೂದು ಬಣ್ಣ ಯಾಕೆ ಎಂದು ಕೇಳುತ್ತಲೇ ಹೋದೆ.

"ಅಕ್ಕ, ಇನ್‌ಸ್ಪೆಕ್ಷನ್‌ಗೆ ಬಂದಿದ್ಯಾ?"

ಏಪ್ರಿಲ್‌ನಲ್ಲಿ ಮೊದಲ ಸಲ ಹೋದೆವು. ನನ್ನ ಹಟಕ್ಕೆ ಐದೂವರೆಗೇ ಕಾರು ಹೊರಟಿತು. ಹೊಳೆಯ ನೀರು ಎರಡನೇ ಸಲ ಇಳಿಸಿದ ಡಿಕಾಕ್ಷನ್ ಬಣ್ಣಕ್ಕಿತ್ತು. ಗಾಳ ಬೀಸುವಾಗ ತಮ್ಮನ ತೋಳು ನೆಟ್ಟಗಿತ್ತು. ನಡುಕವೆಲ್ಲ ಸಣ್ಣ ಕೆಲಸಕ್ಕೆ ಮಾತ್ರ. ಆದರೆ ಮನೆಯಲ್ಲೇ ದಾರಕ್ಕೆ ಕಟ್ಟಿ ತಂದಿದ್ದ ಒಂದೇ ಒಂದು ನೊಣವನ್ನು ಹತ್ತು ಗಂಟೆಗೆ ದಡದ ಹಳದಿ ಹೂವಿನ ಮುಳ್ಳುಪೊದೆ ನುಂಗಿತು. ಮೀನಂತೂ ಒಂದೂ ಕಾಣಲಿಲ್ಲ.

"ನೀರು ತಣ್ಣಗಿದೆ. ಬಿಸಿಲೇರಿದ್ಮೇಲೆ ಹುಳ ಏಳುತ್ವೆ, ಆಗಲೇ ಮೀನೂ ಏಳೋದು."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಯಾರಿಗೆ? ಐದಕ್ಕೆ ಗಂಟೆ ಹೊಡೆಯೋಳಿಗಾ?"

ಹನ್ನೆರಡೂವರೆಗೆ ಚಿತ್ರಾನ್ನದ ಡಬ್ಬಿ ತೆರೆದೆ. ಆಗಲೇ ನೀರಿನ ಮೇಲಿಂದ ಬೂದು ರೆಕ್ಕೆಯ ಹುಳಗಳು ಏಳತೊಡಗಿದವು. ಅಲ್ಲಲ್ಲಿ ಮೀನಿನ ಮೂತಿ ಕಂಡು ಮುಳುಗಿತು. ತಮ್ಮ ಆತುರದಿಂದ ಹೊಸ ನೊಣ ತೆಗೆದ. ಕೊಕ್ಕೆಯ ಕಣ್ಣಿಗೆ ದಾರ ಹೋಗಲಿಲ್ಲ. ಮತ್ತೆ ಪ್ರಯತ್ನಿಸಿದಾಗ ನೊಣ ಹುಲ್ಲಿಗೆ ಬಿತ್ತು. ನಾನು ಕೈ ಚಾಚಿದೆ.

"ಬೇಡ. ನೀನು ಕಟ್ಟಿದ್ರೆ ಅದು ನಿನ್ನ ಮೀನು."

ಅರ್ಧ ಗಂಟೆಯಲ್ಲಿ ಹುಳಗಳು ಮುಗಿದವು. ಕಾರು ಮನೆಯತ್ತ ಹೊರಟಿತು. ನನಗೆ ಒಂದೇ ಕುತೂಹಲ: ಮನೆಯಲ್ಲಿ ಆ ಒಂದನ್ನು ಹೇಗೆ ಕಟ್ಟಿದ? ಕೇಳಿಯೇಬಿಟ್ಟೆ.

"ಬೆಳಿಗ್ಗೆ ಮಾತ್ರೆ ತಗೊಂಡ್ಮೇಲೆ ಒಂದು ಗಂಟೆ ಕೈ ಗ್ರ್ಯಾಂಡ್ ಆಗಿರುತ್ತೆ, ನಡುಗಲ್ಲ. ಈ ಚಳೀಲಿ ಕೆಡುತ್ತೆ."

ಹಾಸ್ಟೆಲಿನಲ್ಲಿ ನಾನು ಬೆಳಕು ಚೆನ್ನಾಗಿರುವಾಗಲೇ ಹತ್ತು ಸೂಜಿಗೆ ದಾರ ಪೋಣಿಸಿ ರಟ್ಟಿಗೆ ಚುಚ್ಚಿಡುತ್ತಿದ್ದೆ. ಸ್ಕೂಲಿಗೆ ಹೊರಟ ಹುಡುಗಿಯ ಗುಂಡಿ ಕಿತ್ತರೆ ಯಾರೂ ಸೂಜಿಯ ಕಣ್ಣು ಹುಡುಕಬೇಕಿರಲಿಲ್ಲ. ಅದನ್ನು ಹೇಳಿದೆ. 

ಮುಂದಿನ ವಾರ ಮಾತ್ರೆಯ ನಂತರ ಅಡುಗೆಮನೆಯ ಮೇಜಿನಲ್ಲಿ ಕೂತು ಆರು ನೊಣಗಳನ್ನು ಆರು ತುಂಡು ದಾರಕ್ಕೆ ತಾನೇ ಕಟ್ಟಿದ. ಪ್ರತಿ ತುಂಡಿನ ಇನ್ನೊಂದು ತುದಿಗೆ ಅಗಲವಾದ ಕುಣಿಕೆ ಹಾಕಿದ. ಅವನ್ನು ಚುಚ್ಚಿಡಲು ನಾನು ರಟ್ಟು ಕತ್ತರಿಸಿ ಕೊಟ್ಟೆ, ಅಷ್ಟೆ. ಈ ಸಲ ಹತ್ತಕ್ಕೆ ಹೊರಟೆವು.

ಹುಳ ಎದ್ದವು. ಮೊದಲ ನೊಣವನ್ನು ಮೀನು ತುಂಡು ದಾರದ ಸಮೇತ ಹರಿದುಕೊಂಡು ಹೋಯಿತು. ತಮ್ಮ ರಟ್ಟಿಗೆ ಕೈಹಾಕಿದ. ಬೆರಳು ಆಗಲೂ ನಡುಗುತ್ತಿತ್ತು; ಆದರೂ ಗಾಳದ ದಾರದ ಕುಣಿಕೆಯೊಳಗೆ ಹೊಸ ತುಂಡಿನ ಕುಣಿಕೆ ತೂರಿತು. ಎರಡನೆಯದಕ್ಕೆ ಗೇಣುದ್ದದ ಟ್ರೌಟ್ ಬಂತು, ಮೈಮೇಲೆ ಕುಂಕುಮದಂಥ ಚುಕ್ಕೆಗಳು. ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ಅದನ್ನು ನೀರಿಗೆ ಬಿಟ್ಟ.

"ಬಿಡೋದಾದ್ರೆ ಹಿಡಿಯೋದ್ಯಾಕೋ?"

"ಆಮೇಲೆ ಹೇಳ್ತೀನಿ, ಅಲ್ಲಿ ಇನ್ನೊಂದು ಎದ್ದಿದೆ. ನೀನು ಊಟ ಮಾಡು, ಟೈಮ್ ಆಯ್ತು."

ರಟ್ಟಿನಲ್ಲಿ ಇನ್ನೂ ನಾಲ್ಕು ಇದ್ದವು. ಮುಂದೆ ಯಾವುದನ್ನು ತೆಗೆಯುತ್ತಾನೆಂದು ನೋಡಬೇಕಿತ್ತು. ಊಟದ ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಅವನ ಹತ್ತಿರ ಹೋಗಿ ನಿಂತೆ.